ಅಪ್ಪನಿಗೆ ಅತ್ತಾಗಿದೆ, ಇದು ಬೇರೆ

ಇಷ್ಟದ ಸೀರಿಯಲ್ ಮುಗಿದ ಮೇಲೆ ಸರಿಯಾಗಿ ಊಟ ಮಾಡದ ಅತ್ತೆ. ಕಪಾಲಿ ಥಿಯೇಟರ್ ಕೆಡವಿದ ಮೇಲೆ ಗಾಂಧಿನಗರದ ಕಡೆ ತಲೆಯನ್ನೇ ಹಾಕದ ರಿಟೈರ್ಡ್ ಗುಮಾಸ್ತರು. ನಾನು ಆಪ್ತಸಮಾಲೋಚಕಿ. ಇಂಥವರು ತಾವಾಗಿ ನನ್ನ ಹತ್ತಿರ ಬರೋದು ಕಡಿಮೆ, ಮನೆಯವರು ಕರೆದುಕೊಂಡು ಬರುತ್ತಾರೆ. ಕರೆತಂದವರ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಇಷ್ಟಕ್ಕೆಲ್ಲ ಯಾರಾದರೂ ಹೀಗಾಡ್ತಾರಾ? ಇದರ ಹಿಂದೆ ಬೇರೆ ಏನೋ ಇರಬೇಕು ಅಲ್ವಾ ಮೇಡಂ?"

ಈ ಪ್ರಶ್ನೆ ಬಂದಾಗಲೆಲ್ಲ 2023ರ ಒಂದು ಪ್ರಕರಣ ನೆನಪಾಗುತ್ತದೆ. ಅದರಲ್ಲಿ ನಾನು ಕೊಟ್ಟ ಸಲಹೆಗೆ ನಮ್ಮ ವೃತ್ತಿಯವರಿಂದಲೇ ಸಾಕಷ್ಟು ಮಾತು ಕೇಳಿದ್ದೇನೆ. ಆಕೆಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ನಾಟಕದ ಹೆಸರನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ, ಅದಿಲ್ಲದೆ ಇದನ್ನು ಹೇಳೋಕೆ ಆಗೋಲ್ಲ.

ಆಕೆ ದಕ್ಷಿಣ ಕನ್ನಡದವರು. ಮದುವೆಯಾಗಿ ನ್ಯೂಜೆರ್ಸಿಗೆ ಹೋದದ್ದು ಗಂಡನ ಮೇಲೆ ಅವಲಂಬಿತರಾದವರಿಗೆ ಕೊಡುವ ಹೆಚ್-4 ವೀಸಾದಲ್ಲಿ. 2015ರವರೆಗೆ ಆ ವೀಸಾದಲ್ಲಿ ಹೋದವರು ಕೆಲಸ ಮಾಡುವಂತಿರಲಿಲ್ಲ. ಹಾಗಾಗಿ ಮೊದಲ ವರ್ಷಗಳಲ್ಲಿ ಹಗಲಿಡೀ ಮನೆಯಲ್ಲಿ ಒಬ್ಬರೇ. ಒಂದು ದಿನ ಬಸ್ ಹತ್ತಿ ನ್ಯೂಯಾರ್ಕ್‌ಗೆ ಹೋದರು, ಟೈಮ್ಸ್ ಸ್ಕ್ವೇರ್‌ನಲ್ಲಿ ರಿಯಾಯಿತಿ ಟಿಕೆಟ್ ಮಾರುವ ಕೌಂಟರಿನಲ್ಲಿ ನಿಂತರು, ಸಿಕ್ಕಿದ ಟಿಕೆಟ್ ಕೊಂಡರು. ನಾಟಕ 'ದಿ ಫ್ಯಾಂಟಮ್ ಆಫ್ ದಿ ಒಪೆರಾ'. 44ನೇ ಬೀದಿಯ ಮೆಜೆಸ್ಟಿಕ್ ಥಿಯೇಟರ್. (ನಮ್ಮ ಮೆಜೆಸ್ಟಿಕ್‌ಗೆ ಆ ಹೆಸರು ಬಂದದ್ದೂ ಒಂದು ಥಿಯೇಟರಿನಿಂದಲೇ. ಥಿಯೇಟರ್ ಹೋಯ್ತು, ಬಸ್ ಕಂಡಕ್ಟರ್ ಈಗಲೂ ಅದೇ ಹೆಸರು ಕೂಗುತ್ತಾನೆ.)

ಅಲ್ಲಿಂದ ಮುಂದೆ ಆಕೆ ಅದನ್ನು ಎಷ್ಟು ಸಲ ನೋಡಿದರೋ ನಾನು ಕೇಳಲಿಲ್ಲ. ಗಂಡ ಲೆಕ್ಕ ಇಟ್ಟಿದ್ದರು. ನನಗೆ ಮೊದಲು ಮೇಲ್ ಕಳಿಸಿದ್ದು ಅವರೇ. ಕ್ರೆಡಿಟ್ ಕಾರ್ಡ್ ಬಿಲ್ಲನ್ನೂ ಲಗತ್ತಿಸಿದ್ದರು. "ಇದು ಅಡಿಕ್ಷನ್ ಇರಬಹುದಾ?" ಎಂದು ಒಂದು ಸಾಲು, ಅದರ ಕೆಳಗೆ "ಮಾವ 2020ರಲ್ಲಿ ತೀರಿಕೊಂಡರು, ಇವಳಿಗೆ ಹೋಗಲು ಆಗಲಿಲ್ಲ, ಅದೇ ಕಾರಣ ಅನಿಸುತ್ತದೆ" ಎಂದು ಇನ್ನೊಂದು ಸಾಲು. ಒಳ್ಳೆಯ ಮನುಷ್ಯ. ಖಾಯಿಲೆಯನ್ನೂ ಅದರ ಕಾರಣವನ್ನೂ ಒಟ್ಟಿಗೇ ಬರೆದು ಕಳಿಸಿಬಿಟ್ಟಿದ್ದರು.

ಆಗಿದ್ದಿಷ್ಟು. 1988ರ ಜನವರಿ 26ರಂದು ನ್ಯೂಯಾರ್ಕ್‌ನ ನಾಟಕ ಮಂದಿರಗಳ ಬೀಡಾದ ಬ್ರಾಡ್‌ವೇಯಲ್ಲಿ ಶುರುವಾದ ಆ ಸಂಗೀತ ನಾಟಕ ನಿಲ್ಲುತ್ತದೆ ಎಂದು 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದರು. ಬ್ರಾಡ್‌ವೇಯಲ್ಲಿ ಅಷ್ಟು ದಿನ ಬೇರೆ ಯಾವ ನಾಟಕವೂ ಓಡಿಲ್ಲ. ಕೋವಿಡ್‌ಗೆ ಒಂದೂವರೆ ವರ್ಷದ ಮೇಲೆ ಬಾಗಿಲು ಹಾಕಿ, 2021ರ ಅಕ್ಟೋಬರ್‌ನಲ್ಲಿ ಮತ್ತೆ ತೆರೆದಿತ್ತು. ಆದರೆ ಪ್ರವಾಸಿಗರು ಮೊದಲಿನಷ್ಟು ಬರಲಿಲ್ಲ, ಖರ್ಚು ಏರುತ್ತಲೇ ಇತ್ತು. 27 ಜನರ ವಾದ್ಯವೃಂದ, ರಾಶಿ ರಾಶಿ ವೇಷಭೂಷಣ, ಒಂದು ಟನ್ ತೂಕದ ಶಾಂಡಲಿಯರ್ ಅಂದರೆ ತೂಗುದೀಪ. ಇದನ್ನೆಲ್ಲ ದಿನಾ ನಡೆಸಬೇಕಲ್ಲ. 2023ರ ಫೆಬ್ರವರಿ 18ಕ್ಕೆ ಕೊನೆ ಎಂದರು. ಸುದ್ದಿ ಕೇಳಿ ಜನ ಟಿಕೆಟ್‌ಗೆ ಮುಗಿಬಿದ್ದರು. ಆಗ ಏಪ್ರಿಲ್ 16ಕ್ಕೆ ಮುಂದೂಡಿದರು.

ಆಕೆಗೆ ಕಷ್ಟವಾದದ್ದು ಈ ಮುಂದೂಡಿಕೆಯೇ. ಊರಿಗೆ ಹೊರಟವರನ್ನು ಬಸ್ ಹತ್ತಿಸಿ, ಅತ್ತು, ಕಣ್ಣೊರೆಸಿಕೊಂಡ ಮೇಲೂ ಬಸ್ ಹೊರಡದೆ ನಿಂತುಬಿಟ್ಟರೆ ಹೇಗಿರುತ್ತದೆ? ಮತ್ತೆ ಕಿಟಕಿ ಹತ್ತಿರ ಹೋಗಬೇಕಾ, ಸುಮ್ನೆ ನಿಲ್ಲಬೇಕಾ, ಗೊತ್ತಾಗೋಲ್ಲ. ಆಕೆ ಪ್ರತಿ ಸಲ ಕಿಟಕಿ ಹತ್ತಿರ ಹೋದರು. ಫೆಬ್ರವರಿಗೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡವರು ಇನ್ನೊಂದು ಟಿಕೆಟ್ ತೆಗೆದರು, ಮತ್ತೊಂದು ತೆಗೆದರು. ಟಿಕೆಟ್ ದರವೂ ಏರುತ್ತಿತ್ತು.

ವಿಡಿಯೋದಲ್ಲಿ ನಡೆದ ಮೊದಲ ಮಾತುಕತೆಯಲ್ಲಿ ನಾನು ನೋಡಿಕೊಂಡದ್ದು ಎಲ್ಲರ ವಿಷಯದಲ್ಲೂ ನೋಡುವಂಥದ್ದನ್ನೇ. ನಿದ್ದೆ ಬರುತ್ತಿದೆಯಾ, ಊಟ ಸೇರುತ್ತಿದೆಯಾ, ಕೆಲಸಕ್ಕೆ ಹೋಗುತ್ತಿದ್ದಾರಾ, ಬದುಕು ಬೇಡ ಎಂಬ ಯೋಚನೆ ಇದೆಯಾ, ಇಷ್ಟದ ಬೇರೆ ಸಂಗತಿಗಳಲ್ಲಿ ಆಸಕ್ತಿ ಉಳಿದಿದೆಯಾ. ಎರಡು ವಾರಕ್ಕೂ ಮೀರಿ ದಿನದ ಹೆಚ್ಚಿನ ಹೊತ್ತು ಮಂಕು ಕವಿದಿದ್ದರೆ, ಇವೆಲ್ಲ ಕೆಟ್ಟಿದ್ದರೆ, ನಾನು ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಆಮೇಲೆ ನಾಟಕದ ಮಾತು. ಆಕೆಯಲ್ಲಿ ಅಂಥದ್ದು ಕಾಣಲಿಲ್ಲ. ಕೆಲಸ ಚೆನ್ನಾಗಿ ನಡೆಯುತ್ತಿತ್ತು, ಮಗಳ ಜೊತೆ ನಗು ಇತ್ತು. ಅಳು ಬರುತ್ತಿದ್ದದ್ದು ಈ ಒಂದು ವಿಷಯಕ್ಕೆ. ಬೈಗುಳವೂ ಈ ಒಂದು ವಿಷಯಕ್ಕೇ ಸಿಗುತ್ತಿತ್ತು. ಊರಿಂದ ತಾಯಿ ಫೋನಿನಲ್ಲಿ ಹೇಳಿದ್ದರಂತೆ: "ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚುದಿಲ್ವಾ ಮಾರಾಯ್ತಿ? ಅದಕ್ಕೆ ಯಾರಾದ್ರೂ ಅಳ್ತಾರಾ?" (ಪತ್ತನಾಜೆ ಎಂದರೆ ಕರಾವಳಿಯಲ್ಲಿ ಯಕ್ಷಗಾನ ಮೇಳಗಳ ವರ್ಷದ ತಿರುಗಾಟ ಮುಗಿಯುವ ದಿನ.)

"ಅವರು ದೀಪಾವಳಿ ಕಳೆದ ಮೇಲೆ ಮತ್ತೆ ಕಟ್ತಾರಲ್ಲ ಅಮ್ಮ, ಅಂದೆ" ಎಂದರು ಆಕೆ.

ಇನ್ನೊಂದು ದಿನದ ಮಾತುಕತೆಗೆ ಬರುತ್ತೇನೆ. ನಾನು ಅವರ ತಂದೆಯ ವಿಷಯಕ್ಕೆ ಬಂದೆ. ಗಂಡನ ಮೇಲ್‌ನಲ್ಲಿ ಇದ್ದದ್ದನ್ನು ಕೇಳದೆ ಬಿಡುವ ಹಾಗಿರಲಿಲ್ಲ. ಆಕೆ ಕುರ್ಚಿಗೆ ಒರಗಿ ಕೂತರು. ಮುಖದಲ್ಲಿ ಬೇಸರ.

"ನೀವೂ ಇದನ್ನೇ ಕೇಳ್ತೀರಿ ಅಂತ ಗೊತ್ತಿತ್ತು. ಎಲ್ರೂ ಅಪ್ಪನಲ್ಲಿಗೇ ಬಂದು ನಿಲ್ತಾರೆ. ವಿಮಾನ ಇರ್ಲಿಲ್ಲ, ನಾನು ಎಲ್ಲ ವಿಡಿಯೋದಲ್ಲಿ ನೋಡಿದ್ದು. ತಿಂಗಳುಗಟ್ಲೆ ಪಾತ್ರೆ ತೊಳೆಯುವಾಗ ನಳ್ಳಿ ಬಿಟ್ಟು ಅತ್ತಿದ್ದೇನೆ, ಮಗಳಿಗೆ ಕೇಳಬಾರ್ದು ಅಂತ. ಮರುವರ್ಷ ವರ್ಷಾಂತಕ್ಕೆ ಊರಿಗೆ ಹೋದೆ. ಅಪ್ಪನ ಚಪ್ಪಲಿ ಇನ್ನೂ ಮೆಟ್ಟಿಲ ಹತ್ರವೇ ಇತ್ತು. ಅಲ್ಲಿ ಕೂತು ಅತ್ತೆ. ಅಪ್ಪನಿಗೆ ಅತ್ತಾಗಿದೆ ಮೇಡಂ. ಇದು ಬೇರೆ. ಎರಡನ್ನೂ ಯಾಕೆ ಒಂದೇ ಮಾಡ್ತೀರಿ ಎಲ್ರೂ?"

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಹೇಳಿದೆ: "ಸರಿ. ಹಾಗಾದ್ರೆ ಇದು ಏನು ಅಂತ ಹೇಳಿ. ಪರದೆ ಏಳೋದರಿಂದ ಶುರು ಮಾಡಿ."

ಆಕೆ ಹೇಳಿದರು. ಆ ದಿನದ ಉಳಿದ ಹೊತ್ತೆಲ್ಲ ಅದೇ. ಶುರುವಿನಲ್ಲಿ ಹಾಡೇ ಇಲ್ಲವಂತೆ, ಹರಾಜು. ಮುಚ್ಚಿಹೋದ ಒಂದು ಒಪೆರಾ ಮನೆಯ ಹಳೇ ಸಾಮಾನಿನ ಹರಾಜು. ಎಲ್ಲದರ ಮೇಲೂ ಧೂಳು ಹಿಡಿದ ಬಟ್ಟೆ. ಗಾಲಿಕುರ್ಚಿಯಲ್ಲಿ ಕೂತ ಮುದುಕ ಒಂದು ಆಟಿಕೆ ಕೊಳ್ಳುತ್ತಾನೆ. ಪರ್ಷಿಯನ್ ಅಂಗಿ ತೊಟ್ಟ ಕೋತಿ, ಕೈಯಲ್ಲಿ ತಾಳ. ಕೀ ಕೊಟ್ಟರೆ ಬಾರಿಸುತ್ತದೆ. ಆಮೇಲೆ ಹರಾಜಿನ 666ನೇ ಸಾಮಾನು, ಮುರಿದ ಶಾಂಡಲಿಯರ್. ಅದಕ್ಕೆ ಕರೆಂಟು ಹಾಕಿ ರಿಪೇರಿ ಮಾಡಿದ್ದೇವೆ, ನೋಡಿ ಎನ್ನುತ್ತಾನೆ ಹರಾಜು ಕೂಗುವವನು. ಬಟ್ಟೆ ಹಾರುತ್ತದೆ, ದೀಪ ಹತ್ತುತ್ತದೆ, ಆರ್ಗನ್ ಮೊಳಗುತ್ತದೆ. ನೆಲದಲ್ಲಿ ಬಿದ್ದಿದ್ದ ಶಾಂಡಲಿಯರ್ ಮೇಲೆದ್ದು ಜನರ ತಲೆಯ ಮೇಲೆ ತೇಲಿಕೊಂಡು ಬರುತ್ತದೆ. ಅದು ಏರಿದ ಹಾಗೆ ಸುತ್ತಲಿನ ಬಟ್ಟೆಗಳೆಲ್ಲ ಸರಿದು, ಹಳೆಯ ಒಪೆರಾ ಮನೆ ಚಿನ್ನದ ಬಣ್ಣದಲ್ಲಿ ಎದ್ದು ನಿಲ್ಲುತ್ತದೆ.

"ಕೆಳಗೆ ದುಬಾರಿ ಸೀಟಿನವರಿಗೆ ಅದು ತಲೆ ಮೇಲೆ ಹೋಗ್ತದೆ. ಮೇಲೆ ಕಡಿಮೆ ದುಡ್ಡಿನ ಸೀಟಿನ ನಮಗೆ ಮುಖದ ಎದುರಿಗೇ ಬರ್ತದೆ" ಎಂದು ನಕ್ಕರು. ನಾನು ನೋಡಿದ ಹಾಗೆ ಅದೇ ಮೊದಲ ನಗು. ಆಮೇಲೆ ಹೇಳಿದರು: "ಆ ಊರಲ್ಲಿ ನಂಗೆ ಯಾರೂ ಗೊತ್ತಿರ್ಲಿಲ್ಲ. ವೀಸಾ ಏನಾಗ್ತದೆ ಗೊತ್ತಿಲ್ಲ, ಇವರ ಕೆಲಸ ಏನಾಗ್ತದೆ ಗೊತ್ತಿಲ್ಲ. ಮುಂದೆ ಏನು ಬರ್ತದೆ ಅಂತ ಸರಿಯಾಗಿ ಗೊತ್ತಿದ್ದದ್ದು ಇದೊಂದೇ. ಬಟ್ಟೆ ಹಾರ್ತದೆ, ದೀಪ ಹತ್ತುತ್ತದೆ. ಒಂದು ದಿನ ತಪ್ಪಿದ್ದಿಲ್ಲ. ಅದು ಹೋಗ್ತಾ ಇದೆ. ಅಷ್ಟೇ ಮೇಡಂ. ಇದರ ಹಿಂದೆ ಬೇರೆ ಎಂತದೂ ಇಲ್ಲ."

ನಾನು ನಂಬಿದೆ.

ಇಲ್ಲೇ ನನಗೂ ನಮ್ಮ ವೃತ್ತಿಯ ಕೆಲವರಿಗೂ ಜಗಳ. ಹೆಸರು ಹೇಳದೆ ಈ ಪ್ರಕರಣವನ್ನು ಸಹೋದ್ಯೋಗಿಗಳ ಮುಂದಿಟ್ಟಾಗ ಹೆಚ್ಚಿನವರು ಹೇಳಿದ್ದು, ಆಕೆ ತಪ್ಪಿಸಿಕೊಳ್ಳುತ್ತಿದ್ದಾರೆ, ತಂದೆಯ ಅಂತ್ಯಕ್ರಿಯೆ ನೋಡಲಾಗದ ನೋವನ್ನು ನಾಟಕದ ಮೇಲೆ ಹೊರಿಸಿದ್ದಾರೆ ಎಂದು. ಹಾಗೆ ಆಗುವುದೇ ಇಲ್ಲ ಎಂದು ನಾನು ಹೇಳೋಲ್ಲ. ಎಷ್ಟೋ ಜನರಲ್ಲಿ ಆಗುತ್ತದೆ. ಆದರೆ ತಂದೆಯ ಚಪ್ಪಲಿಯ ಪಕ್ಕ ಕೂತು ಅತ್ತದ್ದನ್ನು ತಡವರಿಸದೆ ಹೇಳಬಲ್ಲವರು ತಪ್ಪಿಸಿಕೊಳ್ಳುವುದು ಯಾವುದರಿಂದ? ಸಣ್ಣ ದುಃಖ ಕಂಡರೆ ಅದರ ಹಿಂದೆ ದೊಡ್ಡದೊಂದನ್ನು ಹುಡುಕುವ ಚಾಳಿ ನಮಗಿದೆ. ದೊಡ್ಡದು ಸಿಕ್ಕರೆ ನಮಗೂ ಸಮಾಧಾನ, ಮನೆಯವರಿಗೂ ಸಮಾಧಾನ. ಅತ್ತವರಿಗೆ ಮಾತ್ರ ತಮ್ಮ ಅಳು ಸುಳ್ಳು ಎಂದು ಯಾರೋ ಹೇಳಿದ ಹಾಗಾಗುತ್ತದೆ. ಸುತ್ತಲಿನವರು ಒಪ್ಪದ ದುಃಖ ಹೇಗೆ ಒಳಗೇ ಉಳಿದು ಕಾಡುತ್ತದೆ ಎಂದು ದುಃಖದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಲ್ಲೇ ಬರೆದಿದ್ದಾರೆ. ನಮ್ಮಲ್ಲಿ ಅದನ್ನು ಪರೀಕ್ಷೆಗೆ ಓದುತ್ತಾರೆ, ಎದುರಿಗೆ ಕೂತವರ ವಿಷಯದಲ್ಲಿ ಮರೆಯುತ್ತಾರೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ ಮುಖ ನೋಡಿ ಮಾತಾಡದವರೂ ಅತ್ತರು. ಯಾರೂ "ನಿಮಗೆ ಬೇರೆ ಏನೋ ಇರಬೇಕು" ಎನ್ನಲಿಲ್ಲ, ಏಕೆಂದರೆ ಎಲ್ಲರೂ ಅಳುತ್ತಿದ್ದರು. ಒಬ್ಬರೇ ಅಳುವಾಗ ಮಾತ್ರ ಕಾರಣ ಕೇಳುತ್ತೇವೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಏಪ್ರಿಲ್ 16ರ ಕೊನೆಯ ಪ್ರದರ್ಶನದ ಟಿಕೆಟ್ ಹಿಂದೆ ಬೀಳಬೇಡಿ. ಅದು ನಾಟಕದವರ ಕೊನೆಯ ದಿನ. ನಿಮ್ಮ ಕೊನೆಯ ದಿನವನ್ನು ನೀವು ಆರಿಸಿಕೊಳ್ಳಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಅದೇ ಮೇಲಿನ ಸೀಟು ಕೊಳ್ಳಿ. ಎಷ್ಟು ಖರ್ಚು ಎಂದು ಗಂಡನ ಜೊತೆ ಮೊದಲೇ ಮಾತಾಡಿ ಮುಗಿಸಿ. ದುಡ್ಡಿನ ತಕರಾರು ನಿಜವಾದದ್ದೇ, ಆದರೆ ಅದನ್ನು ಮನಸ್ಸಿನ ಖಾಯಿಲೆಯ ಲೆಕ್ಕಕ್ಕೆ ಸೇರಿಸಬೇಡಿ. ಆ ದಿನದ ನಂತರ ಟಿಕೆಟ್ ಇಲ್ಲ, ಮತ್ತೆ ಮುಂದೂಡಿದರೂ ಇಲ್ಲ. ಯಾಕೆ ಇಷ್ಟು ಕಟ್ಟುನಿಟ್ಟು ಎಂದರೆ, ಆಕೆ ಪ್ರತಿ ಟಿಕೆಟನ್ನೂ ವಿದಾಯಕ್ಕೆ ಎಂದು ಕೊಳ್ಳುತ್ತಿದ್ದರು, ಕೊಂಡದ್ದು ಮಾತ್ರ ಇನ್ನೂ ಮುಗಿದಿಲ್ಲ ಎಂಬ ಧೈರ್ಯವನ್ನು. ಒಂದು ಸಲ ಸರಿಯಾಗಿ ಕಳಿಸಿಕೊಡದಿದ್ದರೆ ಇದಕ್ಕೆ ಕೊನೆಯಿಲ್ಲ.

ಗಂಡನಿಗೂ ಒಂದು ಮಾತು ಹೇಳಿದೆ. ಅವರು ಪಾಪ, "ಲಂಡನ್‌ನಲ್ಲಿ ಇನ್ನೂ ನಡೀತಿದೆಯಲ್ಲ, ಒಂದ್ಸಲ ಕರ್ಕೊಂಡು ಹೋಗ್ತೀನಿ" ಎಂದಿದ್ದರಂತೆ. ಆಕೆ ಕೋಪದಿಂದ ಹೇಳಿದ್ದು, ಕೋವಿಡ್ ನಂತರ ಲಂಡನ್‌ನಲ್ಲಿ ವಾದ್ಯದವರನ್ನು 27ರಿಂದ 14ಕ್ಕೆ ಇಳಿಸಿದ್ದಾರೆ, ಅದು ಇದಲ್ಲ ಎಂದು. ಬದಲಿ ಹುಡುಕಿ ಕೊಡಬೇಡಿ, ಅತ್ತರೆ ಪಕ್ಕದಲ್ಲಿರಿ, ಸಾಕು ಎಂದೆ. "ಅಷ್ಟೇನಾ?" ಎಂದರು. ಅಷ್ಟೇ.

ಮಾರ್ಚ್ ಕೊನೆಯ ಒಂದು ಮ್ಯಾಟಿನಿಗೆ ಆಕೆ ಒಬ್ಬರೇ ಹೋದರು. ಅದರ ಬಗ್ಗೆ ಜಾಸ್ತಿ ಹೇಳಲಿಲ್ಲ, ನಾನೂ ಕೆದಕಲಿಲ್ಲ. ಏಪ್ರಿಲ್ 16 ಹತ್ತಿರ ಬಂದಾಗ ಮಾತ್ರ ಕೇಳಿದರು: "ಒಳಗೆ ಹೋಗುದಿಲ್ಲ. ಹೊರಗೆ ರಸ್ತೆಯಲ್ಲಿ ನಿಂತುಕೊಳ್ಳಬಹುದಾ?"

ಹೋಗಿ ಎಂದೆ. ಇದಕ್ಕೂ ಆಕ್ಷೇಪ ಬಂತು, ಗಾಯ ಆರುವಾಗ ಮತ್ತೆ ಕೆರೆಯೋಕೆ ಕಳಿಸಿದಿರಿ ಎಂದು. ನನ್ನ ಯೋಚನೆ ಬೇರೆ. ಆಕೆಗೆ ಟಿಕೆಟ್ ಬೇಡವಾಗಿತ್ತು, ಜನ ಬೇಕಾಗಿದ್ದರು. ಯಾಕೆ ಅಳ್ತೀರಿ ಎಂದು ಕೇಳದ ಜನ. ಅಂಥವರು ಆ ದಿನ ಆ ಬೀದಿಯಲ್ಲಿ ಸಿಗುತ್ತಾರೆ, ನನ್ನ ಕಂಪ್ಯೂಟರ್ ಪರದೆಯ ಈ ಕಡೆ ಸಿಗೋಲ್ಲ.

ಅಂದು ಒಳಗೆ 13,981ನೇ ಪ್ರದರ್ಶನ. ಕೊನೆಗೆ ಸಂಗೀತ ರಚಿಸಿದ ಆಂಡ್ರ್ಯೂ ಲಾಯ್ಡ್ ವೆಬ್ಬರ್ ವೇದಿಕೆಗೆ ಬಂದು, ಮೂರು ವಾರದ ಹಿಂದಷ್ಟೇ ತೀರಿಕೊಂಡಿದ್ದ ಮಗ ನಿಕೊಲಸ್‌ಗೆ ಆ ಪ್ರದರ್ಶನವನ್ನು ಅರ್ಪಿಸಿದರು. ಇದು ಮಗನ ದುಃಖವೋ ನಾಟಕದ ದುಃಖವೋ ಎಂದು ಅವರನ್ನು ಯಾರೂ ಕೇಳಿರಲಾರರು. ಎರಡೂ ಇತ್ತು, ಒಂದರ ಪಕ್ಕ ಒಂದು. ನನ್ನ ಸಹೋದ್ಯೋಗಿಗಳಿಗೆ ನಾನು ಈಗಲೂ ತೋರಿಸುವ ಉದಾಹರಣೆ ಇದು. ಇದರಿಂದ ನಿಮ್ಮ ವಾದವೇನೂ ಸಾಬೀತಾಗೋಲ್ಲ ಎನ್ನುತ್ತಾರೆ ಅವರು.

ಹೊರಗೆ ಆಕೆಯ ಪಕ್ಕ ನಿಂತವರು ಓಹಾಯೋದಿಂದ ಬಂದಿದ್ದ ಒಬ್ಬ ಅಜ್ಜಿಯಂತೆ. ಇಬ್ಬರೂ ತಮಗೆ ಇಷ್ಟವಾದ ನಟರ ವಿಷಯಕ್ಕೆ ಜಗಳವಾಡಿದರಂತೆ, ಆಮೇಲೆ ಒಂದೇ ಟಿಶ್ಯೂ ಪ್ಯಾಕೆಟ್ ಖಾಲಿ ಮಾಡಿದರಂತೆ. ಅದಾದ ಮೇಲೆ ನಮ್ಮ ಮಾತುಕತೆ ತಾನಾಗಿ ನಿಂತಿತು, ಹೇಳೋಕೆ ಏನೂ ಉಳಿದಿರಲಿಲ್ಲ.

2025ರಲ್ಲಿ ಒಂದು ಮೆಸೇಜ್ ಬಂತು. ನಾಟಕ ನ್ಯೂಯಾರ್ಕ್‌ಗೆ ಹೊಸ ರೂಪದಲ್ಲಿ ಬಂದಿದೆ, ಈ ಸಲ ನೋಡುವವರೇ ಮುಖವಾಡ ಹಾಕಿಕೊಂಡು ಒಂದು ಕಟ್ಟಡದ ಕೋಣೆಯಿಂದ ಕೋಣೆಗೆ ನಡೆಯಬೇಕು, ಹೋಗಲಾ ಎಂದು. ಆಗ ಟಿಕೆಟ್ ಇಲ್ಲ ಎಂದು ನಾನು ಹೇಳಿದ್ದನ್ನು ನೆನಪಿಟ್ಟುಕೊಂಡೇ ಕೇಳಿದ್ದರು. ಆ ಮಾತು ಆ ಮೆಜೆಸ್ಟಿಕ್‌ಗೆ ಮಾತ್ರ ಎಂದು ಬರೆದೆ. ದರ ಎಷ್ಟು ಎಂದೂ ಕೇಳಿದೆ.

ದರ ಹೇಳಿದರು. ನಾನು ಏನೂ ಬರೆಯುವ ಮುಂಚೆ ಅವರದೇ ಇನ್ನೊಂದು ಮೆಸೇಜ್ ಬಂತು: "ಇವರೂ ಬರ್ತಾರಂತೆ. ನಿದ್ದೆ ಮಾಡ್ಲಿಕ್ಕೆ ಅಲ್ಲಿ ಸೀಟೇ ಇಲ್ಲ ಅಂತ ಹೇಳಿದ್ದೇನೆ."