ಸಹೋದ್ಯೋಗಿಗಳು ಬಂದು ತರಗತಿಯಲ್ಲಿ ಕೂತರೆ ಬೋಧನೆ ಸುಧಾರಿಸುತ್ತದೆಯೇ?

ಉಡುಪಿಯ ಪದವಿ ಕಾಲೇಜೊಂದಕ್ಕೆ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೀರಿ. ಈ ಸೆಮಿಸ್ಟರಿನಿಂದ ಸಹೋದ್ಯೋಗಿಗಳು ತರಗತಿಗೆ ಬಂದು, ಪಾಠ ನೋಡಿ, ಫಾರ್ಮಿನಲ್ಲಿ ಅಂಕ ಹಾಕುತ್ತಾರೆ ಎಂದು ಸುತ್ತೋಲೆ ಬಂದಿದೆ. ಇದರಿಂದ ಬೋಧನೆ ನಿಜವಾಗಿ ಸುಧಾರಿಸುತ್ತದೆಯೇ, ಇಲ್ಲ ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಫೈಲಿಗೆ ಇನ್ನೊಂದು ಕಾಗದ ಸೇರುತ್ತದೆಯೇ ಎಂದು ಕೇಳಿದ್ದೀರಿ.

ನಾನು ಮಂಗಳೂರಿನಲ್ಲಿ ಕನ್ನಡ ಪಾಠ ಮಾಡುವವನು. ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಘಟಕವಾದ ಐಕ್ಯೂಎಸಿಯಲ್ಲಿ ಕೆಲಸ ಮಾಡಿದ್ದೇನೆ, ಬೇರೆಯವರ ತರಗತಿಗಳಲ್ಲಿ ಕೂತಿದ್ದೇನೆ, ನನ್ನ ತರಗತಿಗೂ ಬೇರೆಯವರನ್ನು ಕರೆದು ಕೂರಿಸಿದ್ದೇನೆ. ನನ್ನ ಉತ್ತರ ಇಷ್ಟು: ಸಹೋದ್ಯೋಗಿ ಬಂದು ಕೂತರೆ ಪಾಠ ಖಂಡಿತ ಸುಧಾರಿಸುತ್ತದೆ. ಅಂಕ ಹಾಕಿದರೆ ಸುಧಾರಿಸುವುದಿಲ್ಲ. ಒಂದೇ ಭೇಟಿಯಲ್ಲಿ ಎರಡನ್ನೂ ಮಾಡಲು ಹೋದರೆ ಅಂಕ ಮಾತ್ರ ಉಳಿಯುತ್ತದೆ.

ಮೊದಲು, ಇದು ಯಾಕೆ ಬೇಕು ಎಂಬುದು. ಸಂಶೋಧನಾ ಲೇಖನವೊಂದನ್ನು ಒಳ್ಳೆಯ ಪತ್ರಿಕೆಗೆ ಕಳಿಸಿದರೆ, ಪ್ರಕಟವಾಗುವ ಮೊದಲು ಆ ವಿಷಯ ಬಲ್ಲ ಇಬ್ಬರು ಮೂವರು ಓದುತ್ತಾರೆ, ತಪ್ಪು ತೋರಿಸುತ್ತಾರೆ, ತಿದ್ದಿಸುತ್ತಾರೆ. ಅದೇ ವ್ಯಕ್ತಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದರೂ, ಆ ಪಾಠವನ್ನು ಬಲ್ಲವರೊಬ್ಬರು ಕೂತು ಕೇಳಿದ್ದೇ ಇರುವುದಿಲ್ಲ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯನ್ನೇ ತೆಗೆದು ನೋಡಿ. ಬಡ್ತಿಗಾಗಿ ಬೋಧನೆಯನ್ನು ಅಳೆಯುವ ಕೋಷ್ಟಕ ಕೇಳುವುದು, ವಹಿಸಿದ ತರಗತಿಗಳಲ್ಲಿ ಶೇಕಡಾ ಎಷ್ಟು ತೆಗೆದುಕೊಂಡಿರಿ ಎಂದು. ಶೇ. 80 ಮತ್ತು ಅದಕ್ಕಿಂತ ಹೆಚ್ಚಾದರೆ ಉತ್ತಮ, 70ರಿಂದ 80ರ ಒಳಗಾದರೆ ತೃಪ್ತಿಕರ, 70ಕ್ಕಿಂತ ಕೆಳಗಾದರೆ ತೃಪ್ತಿಕರವಲ್ಲ. ಬಾಗಿಲು ಹಾಕಿಕೊಂಡ ಮೇಲೆ ಒಳಗೆ ಏನಾಯಿತು ಎಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ನಮ್ಮ ಕರಾವಳಿಗಂತೂ ಇದರಿಂದ ದೊಡ್ಡ ನಷ್ಟವಾಗಿದೆ. ಮಂಗಳೂರಿನ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನ ಬೇರು 1868ಕ್ಕೆ ಹೋಗುತ್ತದೆ. ಸೇಂಟ್ ಅಲೋಶಿಯಸ್ 1880ರದ್ದು, ಸೇಂಟ್ ಆಗ್ನೆಸ್ 1921ರದ್ದು, ನಿಮ್ಮ ಉಡುಪಿಯ ಎಂಜಿಎಂ 1949ರದ್ದು. ಇಷ್ಟು ಹಳೆಯ ಪರಂಪರೆಯ ಊರುಗಳಲ್ಲಿ ಎಂತೆಂಥ ಮೇಷ್ಟ್ರುಗಳು ಆಗಿಹೋದರು! ಅವರ ಶಿಷ್ಯರು ಇಂದಿಗೂ ನೆನೆಯುತ್ತಾರೆ. ಆದರೆ ಕಷ್ಟದ ಪಾಠವನ್ನು ಅವರು ಎಲ್ಲಿಂದ ಎತ್ತಿಕೊಳ್ಳುತ್ತಿದ್ದರು, ಎಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು ಎಂಬುದು ಎಷ್ಟೋ ಸಲ ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದವರಿಗೂ ತಿಳಿಯದೆ ಹೋಯಿತು.

ವಿದ್ಯಾರ್ಥಿಗಳ ಫೀಡ್‌ಬ್ಯಾಕ್ ಇದೆಯಲ್ಲ ಎನ್ನುವವರಿದ್ದಾರೆ. ಅದು ಬೇಕೇ ಬೇಕು. ಪಾಠ ಮಾಡುವವರು ಸಮಯಕ್ಕೆ ಬರುತ್ತಾರೋ, ಹಿಂದಿನ ಬೆಂಚಿಗೆ ಮಾತು ಕೇಳಿಸುತ್ತದೋ, ಇಂಟರ್ನಲ್ಸ್ ಅಂಕದಲ್ಲಿ ನ್ಯಾಯ ಇದೆಯೋ ಎಂಬುದನ್ನು ಮಕ್ಕಳಿಗಿಂತ ಚೆನ್ನಾಗಿ ಯಾರೂ ಹೇಳಲಾರರು. ಎಷ್ಟು ಕಲಿತರು ಎಂಬುದನ್ನು ಮಾತ್ರ ಅವರ ಅನಿಸಿಕೆಯಿಂದ ಅಳೆಯಲು ಬರುವುದಿಲ್ಲ. ಅಮೆರಿಕದಲ್ಲಿ 1970ರಲ್ಲಿ ಒಬ್ಬ ನಟನಿಗೆ ಡಾ. ಫಾಕ್ಸ್ ಎಂದು ಹೆಸರಿಟ್ಟು, ತಜ್ಞನೆಂದು ಪರಿಚಯಿಸಿ, ಮನೋವೈದ್ಯರೂ ಶಿಕ್ಷಣ ಕ್ಷೇತ್ರದವರೂ ಇದ್ದ ಸಭೆಯಲ್ಲಿ ಉಪನ್ಯಾಸ ಕೊಡಿಸಿದರು. ಮಾತಿನ ಓಘ ಚೆನ್ನಾಗಿತ್ತು, ಹುರುಳು ಇರಲಿಲ್ಲ. ಕೇಳಿದವರು ಮೆಚ್ಚಿಯೇ ಅಭಿಪ್ರಾಯ ಬರೆದುಕೊಟ್ಟರು. ಇದಕ್ಕಿಂತ ಮುಖ್ಯವಾದದ್ದು ಹಾರ್ವರ್ಡಿನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ. ಒಳ್ಳೆಯ ಉಪನ್ಯಾಸ ಕೇಳಿದ ಗುಂಪು ತಾನು ಹೆಚ್ಚು ಕಲಿತೆ ಎಂದುಕೊಂಡಿತು. ತಾವೇ ಕೂತು ಸಮಸ್ಯೆ ಬಿಡಿಸಿದ ಗುಂಪು ಕಡಿಮೆ ಕಲಿತೆ ಎಂದುಕೊಂಡಿತು. ಪರೀಕ್ಷೆ ಮಾಡಿ ನೋಡಿದರೆ ಹೆಚ್ಚು ಕಲಿತದ್ದು ಎರಡನೆಯ ಗುಂಪು. ಮಕ್ಕಳ ತಲೆಗೆ ಕೆಲಸ ಕೊಡುವವರು ಫೀಡ್‌ಬ್ಯಾಕಿನಲ್ಲಿ ಅಂಕ ಕಳೆದುಕೊಳ್ಳುವುದನ್ನು ನಾನೂ ಕಂಡಿದ್ದೇನೆ, ಸಂಕಟವಾಗುತ್ತದೆ.

ತಾಳಮದ್ದಳೆ, ಅಂದರೆ ವೇಷ ಹಾಕದೆ ಕೂತು ವಾದ ಮಾಡುವ ಯಕ್ಷಗಾನ, ಕೇಳುವ ಊರಿನವರು ನಾವು. ಅದರಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಯ ವಾದ ಎಲ್ಲಿ ಸಡಿಲಾಯಿತು ಎಂದು ಸಭೆಗಿಂತ ಮೊದಲು ಗೊತ್ತಾಗುವುದು ಎದುರು ಕೂತ ಅರ್ಥಧಾರಿಗೆ. ಪಾಠದ ವಿಷಯದಲ್ಲೂ ಅಂಥ ಒಬ್ಬರು ಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಕಾಮರ್ಸ್ ವಿಭಾಗದ ಕಿರಿಯ ಸಹೋದ್ಯೋಗಿಯೊಬ್ಬರು ತಾವಾಗಿಯೇ ನನ್ನನ್ನು ಕರೆದರು. "ಲೆಕ್ಕ ಎಲ್ಲರೂ ಮಾಡ್ತಾರೆ ಸರ್. ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದ್ರೆ ಬಿಟ್ಟು ಬರ್ತಾರೆ. ಎಲ್ಲಿ ತಪ್ತದೆ ಅಂತ ಒಮ್ಮೆ ನೋಡ್ತೀರಾ?" ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್, ಸ್ಟ್ಯಾಂಡರ್ಡ್ ಡೀವಿಯೇಶನ್ ಪಾಠ, ಅಂದರೆ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಅಳೆಯುವುದು. ಹೊರಗೆ ಜುಲೈ ಮಳೆ, ವರಾಂಡದ ಶೀಟಿನ ಮೇಲೆ ಬೀಳುವ ಸದ್ದಿಗೆ ಕೊನೆಯ ಬೆಂಚಿನಲ್ಲಿ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಅವರು ಬೋರ್ಡಿನ ಮೇಲೆ ಎರಡು ಬಸ್ಸು ಬರೆದರು. ಮೊದಲನೆಯದು ಐದು ದಿನ 8, 9, 10, 11, 12 ನಿಮಿಷ ತಡ. ಎರಡನೆಯದು 0, 5, 10, 15, 20 ನಿಮಿಷ ತಡ. ಎರಡರ ಸರಾಸರಿಯೂ 10. ಸೂತ್ರ ಹಾಕಿದರು, ವರ್ಗ ತೆಗೆದರು, ಮೊದಲನೆಯದಕ್ಕೆ 1.41, ಎರಡನೆಯದಕ್ಕೆ 7.07 ಎಂದು ಉತ್ತರ ಬಂತು. "ಅರ್ಥ ಆಯ್ತಾ?" ಎಂದರು. ಮುಂದಿನ ಎರಡು ಸಾಲಿನಿಂದ "ಆಯ್ತು ಸರ್" ಬಂತು. ಮುಂದಿನ ಲೆಕ್ಕಕ್ಕೆ ಹೋದರು.

ಕೊನೆಯ ಬೆಂಚಿನಿಂದ ಕಂಡದ್ದೇ ಬೇರೆ. ಬೋರ್ಡಿನ ಕೆಳಗಿನ ಸಾಲುಗಳು ಮುಂದಿನವರ ತಲೆಗಳಿಗೆ ಮರೆಯಾಗಿದ್ದವು. ಉತ್ತರ ಇದ್ದದ್ದು ಅಲ್ಲೇ. ಹಿಂದೆ ಕೂತವರು ಪಕ್ಕದವರ ಪುಸ್ತಕ ನೋಡಿ ಇಳಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ನನ್ನ ಪಕ್ಕದ ಹುಡುಗಿ ತನ್ನ ಗೆಳತಿಗೆ ತುಳುವಿನಲ್ಲಿ ಪಿಸುಗುಟ್ಟಿದಳು: ಮೊದಲಿನ ಬಸ್ಸು ಹೇಗೂ ಎಂಟು ನಿಮಿಷವಾದರೂ ತಡ, ನಾವೂ ಎಂಟು ನಿಮಿಷ ತಡವಾಗಿ ಹೊರಟರೆ ಸಿಗುತ್ತದೆ, ಎರಡನೆಯದನ್ನು ನಂಬಿ ಮನೆ ಬಿಡುವ ಹಾಗಿಲ್ಲ. ಆ ಪಾಠದ ತಿರುಳೇ ಅದು! ಇಂಗ್ಲಿಷಿನಲ್ಲಿ ನಡೆದ ತರಗತಿಯಲ್ಲಿ ಅದು ಕೇಳಿಸಿದ್ದು ತುಳುವಿನಲ್ಲಿ, ಕೊನೆಯ ಬೆಂಚಿನಲ್ಲಿ, ಮೇಷ್ಟ್ರಿಗೆ ಕೇಳಿಸದ ಹಾಗೆ.

ಅದೇ ದಿನ ಕ್ಯಾಂಟೀನಿನಲ್ಲಿ ಕೂತು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಪಾಠ ಚೆನ್ನಾಗಿತ್ತು ಎಂದೂ ಹೇಳಲಿಲ್ಲ, ಚೆನ್ನಾಗಿರಲಿಲ್ಲ ಎಂದೂ ಹೇಳಲಿಲ್ಲ. ದಾರಿಯನ್ನು ಅವರೇ ಹುಡುಕಿಕೊಂಡರು. ಬೋರ್ಡಿನ ಕೆಳಭಾಗದಲ್ಲಿ ಬರೆಯುವುದನ್ನು ನಿಲ್ಲಿಸಿದರು. "ಅರ್ಥ ಆಯ್ತಾ" ಎನ್ನುವ ಜಾಗದಲ್ಲಿ "ಯಾವ ಬಸ್ಸನ್ನು ನಂಬುತ್ತೀರಿ, ಯಾಕೆ?" ಎಂಬಂಥ ಪ್ರಶ್ನೆ ಇಟ್ಟರು. ಪಕ್ಕದವರ ಜೊತೆ ತುಳುವೋ ಬ್ಯಾರಿಯೋ ಕೊಂಕಣಿಯೋ, ಬಂದ ಭಾಷೆಯಲ್ಲಿ ಎರಡು ನಿಮಿಷ ಮಾತಾಡಲು ಬಿಟ್ಟು, ಆಮೇಲೆ ಉತ್ತರ ಕೇಳತೊಡಗಿದರು. ಹಾರ್ವರ್ಡಿನ ಎರಿಕ್ ಮಜೂರ್ 1991ರಿಂದ ತಮ್ಮ ಭೌತಶಾಸ್ತ್ರ ತರಗತಿಯಲ್ಲಿ ಮಾಡಿಸುತ್ತಾ ಬಂದದ್ದು ಹೆಚ್ಚುಕಡಿಮೆ ಇದನ್ನೇ: ಪ್ರಶ್ನೆ ಕೊಡು, ಒಬ್ಬೊಬ್ಬರೇ ಉತ್ತರ ಆರಿಸಲಿ, ಪಕ್ಕದವರನ್ನು ಒಪ್ಪಿಸಲಿ, ಮತ್ತೆ ಉತ್ತರ ಹೇಳಲಿ. ಕಾಯುವ ವಿಷಯಕ್ಕೂ ಆಧಾರ ಇದೆ. ಮೇರಿ ಬಡ್ ರೋ ಎಂಬ ಸಂಶೋಧಕಿ ಶಾಲಾ ತರಗತಿಗಳನ್ನು ಧ್ವನಿಮುದ್ರಿಸಿ ನೋಡಿದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುತ್ತಿದ್ದದ್ದು ಒಂದು ಸೆಕೆಂಡ್ ಅಷ್ಟೆ. ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾದವು, ಬಾಯಿ ಬಿಡುವವರೂ ಹೆಚ್ಚಾದರು. ತರಗತಿಯಲ್ಲಿ ತುಳು ಮಾತಾಡಿದರೆ ಗಲಾಟೆ ಎಂದು ಗದರುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಅದು ಹೋಗಲೇಬೇಕು.

ನನಗೆ ಸ್ಟ್ಯಾಟಿಸ್ಟಿಕ್ಸ್ ಬಾರದ್ದು ಇಲ್ಲಿ ಅನುಕೂಲವೇ ಆಯಿತು. ಬೋರ್ಡು ಬಿಟ್ಟು ಮಕ್ಕಳನ್ನು ನೋಡಿದೆ. ಸೂತ್ರವೇ ತಪ್ಪಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ, ಅದಕ್ಕೆ ಅದೇ ವಿಷಯದವರು ಬೇಕು. ಹಾಗಾಗಿ ವರ್ಷದಲ್ಲಿ ಒಮ್ಮೆ ಬೇರೆ ವಿಭಾಗದವರು, ಒಮ್ಮೆ ಸ್ವಂತ ವಿಭಾಗದವರು ಬಂದರೆ ಒಳ್ಳೆಯದು.

ನೋಡುವವರು ಏನು ಬರೆದುಕೊಳ್ಳಬೇಕು ಎಂಬುದಕ್ಕೆ ಸಿದ್ಧ ಕ್ರಮಗಳಿವೆ. 2013ರಲ್ಲಿ ಪ್ರಕಟವಾದ ಕೋಪಸ್ ಎಂಬ ವಿಧಾನ ವಿಜ್ಞಾನ ತರಗತಿಗಳಿಗೆಂದು ಮಾಡಿದ್ದು. ಅದರಲ್ಲಿ ಎರಡೆರಡು ನಿಮಿಷಕ್ಕೊಮ್ಮೆ, ಶಿಕ್ಷಕರು ಏನು ಮಾಡುತ್ತಿದ್ದಾರೆ, ವಿದ್ಯಾರ್ಥಿಗಳು ಏನು ಮಾಡುತ್ತಿದ್ದಾರೆ ಎಂದು ಗುರುತು ಹಾಕುತ್ತಾರೆ: ಕೇಳುತ್ತಿದ್ದಾರೆ, ಬಿಡಿಸುತ್ತಿದ್ದಾರೆ, ಚರ್ಚಿಸುತ್ತಿದ್ದಾರೆ, ಪ್ರಶ್ನೆ ಕೇಳುತ್ತಿದ್ದಾರೆ. ಒಳ್ಳೆಯದು ಕೆಟ್ಟದ್ದು ಎಂಬ ಕಾಲಮ್ಮೇ ಇಲ್ಲ. ಅದನ್ನು ಕಲಿಯಲು ಒಂದೂವರೆ ಗಂಟೆ ಸಾಕು. ಇಷ್ಟೂ ಬೇಡವೆಂದರೆ ಖಾಲಿ ಹಾಳೆಯ ಎಡಕ್ಕೆ ಗಡಿಯಾರದ ಸಮಯ, ಬಲಕ್ಕೆ ಕಂಡದ್ದು ಬರೆದುಕೊಂಡರೂ ಆಯಿತು.

ಇನ್ನು ಅಂಕ. ನ್ಯಾಕ್‌ನ 2017ರ ಚೌಕಟ್ಟಿನಲ್ಲಿ ಸಂಯೋಜಿತ ಕಾಲೇಜುಗಳಿಗೆ ಬೋಧನೆ, ಕಲಿಕೆ, ಮೌಲ್ಯಮಾಪನದ ಮಾನದಂಡಕ್ಕೇ 1000ದಲ್ಲಿ 350 ಇಟ್ಟಿದ್ದರು. ಆಡಳಿತದವರು ದಾಖಲೆಗೆ ಪರದಾಡುವುದು ಅರ್ಥವಾಗುತ್ತದೆ. ಆದರೆ ಹತ್ತಕ್ಕೆ ಎಂಟು ಎಂದು ಬರೆದ ಫಾರ್ಮಿನಿಂದ ಆ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರಿಗೆ ಏನು ತಿಳಿಯುತ್ತಿತ್ತು? ಅಂಕ ಬಂದ ಕೂಡಲೇ ಎಲ್ಲರೂ ಚೆನ್ನಾಗಿ ಪಳಗಿದ ಪಾಠವನ್ನೇ ಆಡಿ ತೋರಿಸುತ್ತಾರೆ. ಒಬ್ಬರಿಗೊಬ್ಬರು ಒಂಬತ್ತು ಹಾಕಿಕೊಳ್ಳುತ್ತಾರೆ. ಕಾಯಂ ನೌಕರಿಯವರಿಗೆ ಇದರಿಂದ ದೊಡ್ಡ ಬಾಧಕ ಇಲ್ಲ. ವರ್ಷ ವರ್ಷವೂ ನೇಮಕಕ್ಕೆ ಕಾಯಬೇಕಾದ ನಿಮ್ಮಂಥವರಿಗೆ ಒಂದು ಆರು, ಒಂದು ಏಳು ಕೂಡ ಭಯ ಹುಟ್ಟಿಸುತ್ತದೆ. ಭಯ ಇದ್ದಲ್ಲಿ "ಇಲ್ಲಿ ನನಗೆ ಕಷ್ಟ ಆಗ್ತಿದೆ" ಎಂದು ಯಾರೂ ಬಾಯಿ ಬಿಡುವುದಿಲ್ಲ. ಆ ಮಾತು ಹೊರಗೆ ಬರದಿದ್ದರೆ ಸಹೋದ್ಯೋಗಿ ಬಂದು ಕೂತೂ ಪ್ರಯೋಜನ ಇಲ್ಲ. ನೌಕರಿ ಮುಂದುವರಿಸುವ ನಿರ್ಧಾರಕ್ಕೆ ಮೌಲ್ಯಮಾಪನ ಬೇಕಾದರೆ ಅದನ್ನು ಬೇರೆಯಾಗಿ, ಬೇರೆ ಜನರಿಂದ, ಮೊದಲೇ ತಿಳಿಸಿದ ನಿಯಮದಂತೆ ಮಾಡಲಿ.

ಒಂದು ವಿಷಯವನ್ನು ನಮ್ಮಲ್ಲಿ ಮರೆಯುತ್ತೇವೆ: ತರಗತಿಗೆ ಹೋಗುವುದೊಂದೇ ದಾರಿ ಅಲ್ಲ. ಇಂಟರ್ನಲ್ಸ್ ಪ್ರಶ್ನೆಪತ್ರಿಕೆಯನ್ನು ಕೊಡುವ ಮೊದಲು ಇನ್ನೊಬ್ಬರಿಗೆ ತೋರಿಸಿ. ಇದರಲ್ಲಿ ಎಷ್ಟು ಬಾಯಿಪಾಠ, ಎಷ್ಟು ಯೋಚನೆ ಎಂದು ಹೇಳಲಿ. ತಿದ್ದಿದ ಉತ್ತರಪತ್ರಿಕೆಗಳಲ್ಲಿ ನಾಲ್ಕನ್ನು ಇನ್ನೊಬ್ಬರು ಮತ್ತೆ ತಿದ್ದಲಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಪಠ್ಯಕ್ರಮ ಬಂತು, 2024-25ರಿಂದ ರಾಜ್ಯ ಶಿಕ್ಷಣ ನೀತಿಯ (ಎಸ್‌ಇಪಿ) ಮೂರು ವರ್ಷದ ಪದವಿ ಬಂತು. ಹೀಗೆ ಸಿಲೆಬಸ್ ಬದಲಾಗುತ್ತಿರುವಾಗ ಒಬ್ಬೊಬ್ಬರೇ ಕೂತು ನೋಟ್ಸ್ ಕಟ್ಟುವುದಕ್ಕಿಂತ ಪಾಠಯೋಜನೆಯನ್ನು ಒಟ್ಟಿಗೆ ಓದುವುದೇ ಮೇಲು.

ನಿಮ್ಮ ಮಟ್ಟಿಗೆ ಹೇಳುವುದಾದರೆ, ಸುತ್ತೋಲೆಯನ್ನು ವಿರೋಧಿಸಲು ಹೋಗಬೇಡಿ. ಐಕ್ಯೂಎಸಿ ಸಂಯೋಜಕರನ್ನು ಕಂಡು ಎರಡು ವಿಷಯ ಕೇಳಿ. ಒಂದು, ನೋಡಿದವರ ಟಿಪ್ಪಣಿ ನಿಮ್ಮ ಕೈಗೇ ಬರಲಿ, ಫೈಲಿಗೆ ದಿನಾಂಕ, ಇಬ್ಬರ ಸಹಿ, ನೀವು ಮಾಡಿಕೊಂಡ ಒಂದು ಬದಲಾವಣೆ ಇಷ್ಟು ಹೋಗಲಿ. ಎರಡು, ಹಿರಿಯರ ತರಗತಿಯಲ್ಲಿ ಕೂರಲು ನಿಮಗೂ ಅವಕಾಶ ಕೊಡಲಿ, ಸಾಧ್ಯವಾದರೆ ಅದೇ ಮೊದಲು ಆಗಲಿ. ವಾರಕ್ಕೆ ಹದಿನಾರು ಗಂಟೆ ಪಾಠ ಇರುವವರಿಗೆ ಬಿಡುವು ಸಿಗುವುದು ಕಷ್ಟ, ಹಾಗಾಗಿ ಟೈಮ್‌ಟೇಬಲ್ ಹಾಕುವಾಗಲೇ ಇದನ್ನು ಸೇರಿಸಲು ಹೇಳಿ. ಅಂಕದ ಕಾಲಮ್ ತೆಗೆಯಲು ಅವರು ಒಪ್ಪದಿದ್ದರೆ, ನೀವು ನಂಬುವ ಒಬ್ಬ ಸಹೋದ್ಯೋಗಿಯನ್ನು ಫಾರ್ಮಿನ ಹೊರಗೆ ಬೇರೆ ದಿನ ಕರೆಯಿರಿ. ಅದಕ್ಕೆ ಯಾರ ಅನುಮತಿಯೂ ಬೇಡ. ಕರೆಯುವಾಗ ಸಲೀಸಾದ ಪಾಠಕ್ಕೆ ಕರೆಯಬೇಡಿ, ಕಳೆದ ಸಲ ಅತಿ ಹೆಚ್ಚು ಮಕ್ಕಳು ಬಿಟ್ಟು ಬಂದ ಪ್ರಶ್ನೆ ಯಾವ ಘಟಕದ್ದೋ ಆ ತರಗತಿಗೇ ಕರೆಯಿರಿ. ಅವರನ್ನು ಕೊನೆಯ ಬೆಂಚಿನಲ್ಲೇ ಕೂರಿಸಿ.