ನೋಟಿಸಿನಲ್ಲಿ ‘ಚಾರಿತ್ರ್ಯ’ ಎಂದು ಬರೆಯುವ ಮುನ್ನ

ಚೆನ್ನಾಗಿ ಓದುವ ವಿದ್ಯಾರ್ಥಿಗಳನ್ನು ಆರಿಸಿ ಒಂದು ಸಂಘ ಕಟ್ಟುವುದು, ಅದಕ್ಕೆ ‘ಆನರ್ ಸೊಸೈಟಿ’ ಎಂದು ಹೆಸರಿಡುವುದು, ಬ್ಯಾಡ್ಜು ಕೊಟ್ಟು ನಿಯಮಾವಳಿ ಅಚ್ಚು ಹಾಕಿಸುವುದು ನಮ್ಮ ಕಡೆಯ ಕೆಲವು ಕಾಲೇಜುಗಳಿಗೂ ಬಂದಿದೆ. ಸೇರಿಸಿಕೊಳ್ಳುವ ದಿನ ದೀಪ ಹಚ್ಚಿ, ಪ್ರಮಾಣವಚನ ಹೇಳಿಸುತ್ತಾರೆ. ತೆಗೆದುಹಾಕುವ ದಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಹಾಕುತ್ತಾರೆ. ಆ ಒಂದು ಸಾಲಿನ ಪೆಟ್ಟು ತಿಂದ ಮಕ್ಕಳು ನನ್ನ ಬಳಿ ಆಪ್ತಸಲಹೆಗೆ ಬರುವುದು ನಿಂತಿಲ್ಲ. ಅದಕ್ಕೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ವಿದ್ಯಾರ್ಥಿನಿಯ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಆಕೆ ರಾಯಚೂರು ಜಿಲ್ಲೆಯ ಹತ್ತಿ ಬೆಳೆಯುವ ಹಳ್ಳಿಯವಳು. ಎಂಜಿನಿಯರಿಂಗ್ ಮೂರನೇ ವರ್ಷ, ಹಾಸ್ಟೆಲ್ ವಾಸ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರಿನ ಸರಾಸರಿ, 10ಕ್ಕೆ 8.9 ಇತ್ತು, ಸಂಘಕ್ಕೆ ಬೇಕಿದ್ದದ್ದು 8.5. ಹಾಗಾಗಿ ಅಂಕದ ಮಾತೇ ಇಲ್ಲಿ ಬರುವುದಿಲ್ಲ. ಗುಂಪಿನಲ್ಲಿ ಬಂದ ಸಂದೇಶ ಇಷ್ಟು: ‘ಚಾರಿತ್ರ್ಯದ ಮಾನದಂಡ ಪೂರೈಸದ ಕಾರಣ ಈ ಕೆಳಗಿನ ಸದಸ್ಯರ ಸದಸ್ಯತ್ವ ರದ್ದಾಗಿದೆ.’ ಕೆಳಗಿದ್ದದ್ದು ಒಂದೇ ಹೆಸರು.

ಮೊದಲ ಭೇಟಿಯಲ್ಲಿ ನಿಯಮದ ಮಾತು ಎತ್ತಲಿಲ್ಲ. ಮೂರು ದಿನದಿಂದ ಮೆಸ್ಸಿಗೆ ಹೋಗಿರಲಿಲ್ಲ, ನಿದ್ದೆ ಇರಲಿಲ್ಲ. ಸಾಯಬೇಕೆಂಬ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಅಂಜುವವರಿದ್ದಾರೆ, ಆ ಅಂಜಿಕೆ ತಪ್ಪು. ಬಂದಿತ್ತು, ಆದರೆ ಯಾವ ತಯಾರಿಯೂ ಇರಲಿಲ್ಲ. ರಾತ್ರಿ ರೂಮಿನಲ್ಲಿ ಒಬ್ಬಳೇ ಇರದಂತೆ ವ್ಯವಸ್ಥೆ ಮಾಡಿಸಿದೆವು. ಕನ್ನಡದಲ್ಲೇ ಮಾತಾಡಬಹುದಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಅವಳ ಮೊಬೈಲಿನಲ್ಲಿ ಅಲ್ಲೇ ಉಳಿಸಿಸಿದೆ. ಎರಡನೇ ಭೇಟಿಯಲ್ಲಿ ನಡೆದದ್ದೇನೆಂದು ಹೇಳಿದಳು.

ಸಂಘದ ನಿಯಮದಂತೆ ಒಂದು ಸೆಮಿಸ್ಟರಿಗೆ 15 ಗಂಟೆ ಸೇವೆ ಮಾಡಬೇಕು. ಇವಳ ತಂಡಕ್ಕೆ ಸಿಕ್ಕಿದ್ದು ಐದು ಭಾನುವಾರ, ಪ್ರತಿ ಭಾನುವಾರ ಮೂರು ಗಂಟೆ ಸರ್ಕಾರಿ ಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುವ ಕೆಲಸ. ಮೂರು ಭಾನುವಾರ ಹೋಗಿದ್ದಳು. ಉಳಿದೆರಡು ನವೆಂಬರಿನವು. ಹತ್ತಿ ಬಿಡಿಸಲು ಆಳು ಸಿಗದೆ ಅಪ್ಪ ಫೋನ್ ಮಾಡಿದ್ದರಿಂದ ಊರಿಗೆ ಹೋದಳು. ಆ ಎರಡು ದಿನದ ಸಹಿಯನ್ನು ಗೆಳತಿಯೊಬ್ಬಳು ಹಾಕಿದಳು. 9 ಗಂಟೆ ನಿಜ, 6 ಗಂಟೆ ಸುಳ್ಳು. ಸಂಘದ ಸಂಯೋಜಕರು ಶಾಲೆಗೆ ಹೋಗಿ ವಿಚಾರಿಸಿದಾಗ ಗೊತ್ತಾಯಿತು. ತಪ್ಪು ಅವಳದೇ. ಅದನ್ನು ಅವಳೂ ಅಲ್ಲಗಳೆಯಲಿಲ್ಲ.

ಹಾಗಿದ್ದರೆ ಇಷ್ಟು ಕುಸಿದಿದ್ದೇಕೆ ಎಂಬುದು ಎರಡು ಭೇಟಿಯಾದರೂ ನನಗೆ ಹಿಡಿತಕ್ಕೆ ಬರಲಿಲ್ಲ. ಬ್ಯಾಡ್ಜು ಹೋದ ದುಃಖ, ಸುಳ್ಳು ಬಯಲಾದ ನಾಚಿಕೆ ಎಂದೇ ಅಂದುಕೊಂಡಿದ್ದೆ. ಮೂರನೇ ಭೇಟಿಯಲ್ಲಿ, ಅಪ್ಪನಿಗೆ ಹೇಳಿದ್ದೀಯಾ ಎಂದು ಕೇಳಿದಾಗ ಬಂದ ಉತ್ತರ ಇದು:

“ಮಾರ್ಕ್ಸ್ ಕಮ್ಮಿ ಬಿದ್ದು ಹೊರಗ ಹಾಕಿದ್ರ ನಾನs ಹೇಳ್ತಿದ್ದೆ ರೀ ಮೇಡಂ. ಕ್ಯಾರೆಕ್ಟರ್ ಸರಿ ಇಲ್ಲ ಅಂತ ಹಾಕ್ಯಾರ. ನಮ್ಮ ದೊಡ್ಡಪ್ಪನ ಮಗ ಇದs ಕಾಲೇಜಿನ್ಯಾಗ ಅದಾನ. ಅವ ಮೊಬೈಲ್ ತೋರ್ಸಿ ಊರಾಗ ಹೇಳ್ಯಾನ. ಯಾರ ಜೋಡಿ ಅಂತ ಕೇಳಾಕತ್ತಾರ ರೀ ಎಲ್ಲಾರೂ.”

ಯಾರ ಜೋಡಿ. ಸಂಯೋಜಕರು ಬರೆದ ಪದವೂ ಊರು ಕೇಳಿದ ಪದವೂ ಒಂದೇ, ಅರ್ಥ ಬೇರೆ. ಅವರ ಮನಸ್ಸಿನಲ್ಲಿದ್ದದ್ದು ಹಾಜರಾತಿ ಹಾಳೆಯ ಎರಡು ಸಹಿ. ನಮ್ಮ ಹಳ್ಳಿಗಳಲ್ಲಿ ಹುಡುಗನ ಕ್ಯಾರೆಕ್ಟರ್ ಸರಿ ಇಲ್ಲವೆಂದರೆ ಕುಡಿಯುತ್ತಾನೇನೋ, ಇಸ್ಪೀಟು ಆಡುತ್ತಾನೇನೋ ಎನ್ನುತ್ತಾರೆ. ಹುಡುಗಿಯ ಬಗ್ಗೆ ಅದೇ ಮಾತು ಬಂದರೆ ಅದಕ್ಕೆ ಇರುವುದು ಒಂದೇ ಅರ್ಥ, ಅದರ ಹಿಂದೆಯೇ ಓದು ಬಿಡಿಸುವ, ಗಂಡು ನೋಡುವ ಮಾತು ಬರುತ್ತದೆ. ಈ ಮನೆಯಲ್ಲೂ ಬಂದಿತ್ತು. ಮುಂದಿನ ವಾರ ಕರೆದೊಯ್ಯಲು ದೊಡ್ಡಪ್ಪ ಬರುವವರಿದ್ದರು.

ಈ ಪದ ಎಲ್ಲಿಂದ ಬಂತು ಎಂಬುದನ್ನು ತಿಳಿಯದೆ ಸಲಹೆ ಕೊಡಲಾಗದು. ನಿಯಮಾವಳಿ ತರಿಸಿ ಓದಿದೆ. ಅದರ ಬೆನ್ನೆಲುಬು ಅಮೆರಿಕದ್ದು. ಅಲ್ಲಿ ಹೈಸ್ಕೂಲು ಪ್ರಾಂಶುಪಾಲರ ಸಂಘಟನೆ 1921ರಲ್ಲಿ ಕಟ್ಟಿದ ನ್ಯಾಷನಲ್ ಆನರ್ ಸೊಸೈಟಿಗೆ ನಾಲ್ಕು ಕಂಬಗಳು: ಓದು, ಸೇವೆ, ನಾಯಕತ್ವ, ‘ಕ್ಯಾರೆಕ್ಟರ್’. ಅಲ್ಲಿ ಆ ಕೊನೆಯ ಪದವನ್ನು ಬಿಡಿಸಿ ಹೇಳುತ್ತಾರೆ: ನಂಬಿಕೆಗೆ ಅರ್ಹನಾಗಿರುವುದು, ಇತರರನ್ನು ಗೌರವಿಸುವುದು, ಹೊಣೆ ಹೊರುವುದು, ನ್ಯಾಯವಾಗಿ ನಡೆದುಕೊಳ್ಳುವುದು, ಕಾಳಜಿ, ನಾಗರಿಕ ಜವಾಬ್ದಾರಿ. ಈ ಕಾಲೇಜಿನವರು ತಲೆಬರಹವನ್ನು ಕನ್ನಡಕ್ಕೆ ತಂದು ವಿವರಣೆಯನ್ನು ಬಿಟ್ಟಿದ್ದರು. ‘ಚಾರಿತ್ರ್ಯ’ ಎಂಬ ಪದದ ಮುಂದೆ ಒಂದು ಸಾಲೂ ಇರಲಿಲ್ಲ.

ಬಿಟ್ಟದ್ದು ಇಷ್ಟೇ ಆಗಿರಲಿಲ್ಲ. ಮೂಲ ನಿಯಮದಲ್ಲಿ ಪ್ರಾಂಶುಪಾಲರು ನೇಮಿಸಿದ ಐವರು ಬೋಧಕರ ಸಮಿತಿ ಬಹುಮತದಿಂದ ತೀರ್ಮಾನ ಮಾಡಬೇಕು. ಸಂಘದ ಸಲಹೆಗಾರ ಅಧ್ಯಾಪಕರು ಸಭೆಯಲ್ಲಿ ಇರಬಹುದು, ಮತ ಹಾಕುವಂತಿಲ್ಲ. ಸದಸ್ಯರನ್ನು ತೆಗೆಯುವ ಮೊದಲು ಲಿಖಿತ ನೋಟಿಸ್ ಕೊಡಬೇಕು, ಸಮಿತಿಯ ಮುಂದೆ ಅವರ ಮಾತು ಕೇಳಬೇಕು, ಆಮೇಲೂ ಪ್ರಾಂಶುಪಾಲರಿಗೆ ಮೇಲ್ಮನವಿ ಸಲ್ಲಿಸಲು ಅವಕಾಶ ಇರಬೇಕು. ಕಾಲೇಜಿನ ಪುಸ್ತಿಕೆಯಲ್ಲೂ ಐವರ ಸಮಿತಿಯ ಪ್ರಸ್ತಾಪ ಇತ್ತು, ಆದರೆ ಸಮಿತಿ ಒಮ್ಮೆಯೂ ಕೂಡಿರಲಿಲ್ಲ. ತಪ್ಪು ಹಿಡಿದವರು, ತೀರ್ಪು ಕೊಟ್ಟವರು, ಗುಂಪಿಗೆ ಹಾಕಿದವರು ಒಬ್ಬರೇ.

ಇಲ್ಲಿ ಒಂದು ವ್ಯತ್ಯಾಸ ಬಿಡಿಸಿ ಹೇಳಬೇಕು, ಯಾಕೆಂದರೆ ಮಕ್ಕಳೂ ಪಾಲಕರೂ ಇದನ್ನು ಕಲಸಿಕೊಳ್ಳುತ್ತಾರೆ. ಸಂಘಕ್ಕೆ ಆಯ್ಕೆಯಾಗುವುದು ಹಕ್ಕಲ್ಲ. ಅಂಕ ಇದ್ದೂ ಆಯ್ಕೆಯಾಗದಿದ್ದರೆ ಬೇಸರ ಪಡಬಹುದು, ಮಾನದಂಡ ಏನಿತ್ತೆಂದು ಕೇಳಬಹುದು, ಅದಕ್ಕಿಂತ ಮುಂದೆ ಹೋಗಿ ಫಲವಿಲ್ಲ. ಒಳಗೆ ತೆಗೆದುಕೊಂಡವರನ್ನು ಹೊರಗೆ ಹಾಕುವುದು ಹಾಗಲ್ಲ. ಅಲ್ಲಿ ಒಬ್ಬ ವ್ಯಕ್ತಿಯ ಮೇಲೆ ಆರೋಪ ಇರುತ್ತದೆ, ಆರೋಪ ಇದ್ದಲ್ಲಿ ಉತ್ತರ ಕೊಡಲು ಅವಕಾಶ ಇರಲೇಬೇಕು. ಹೆಸರು ಬೇಡ, ಇಂಥ ಇನ್ನೆರಡು ಕಾಲೇಜುಗಳ ಪುಸ್ತಿಕೆ ನೋಡಿದೆ: ಆಯ್ಕೆಗೆ ನಾಲ್ಕು ಪುಟ, ತೆಗೆದುಹಾಕಲು ನಾಲ್ಕು ಸಾಲು.

ಕೊಟ್ಟ ಸಲಹೆ ಹೀಗಿತ್ತು. ಮೊದಲು ಅಪ್ಪನಿಗೆ ಅವಳೇ ಹೇಳಬೇಕು, ದೊಡ್ಡಪ್ಪ ಬಂದು ಸೇರುವ ಮೊದಲು. ಹೇಳುವಾಗ ‘ಕ್ಯಾರೆಕ್ಟರ್’ ಎಂಬ ಪದವನ್ನು ಬಾಯಿಗೆ ತರಬಾರದು, ಆದದ್ದನ್ನು ಆದ ಹಾಗೆ ಹೇಳಬೇಕು: ಎಷ್ಟು ಭಾನುವಾರ, ಎಷ್ಟು ಗಂಟೆ, ಯಾರ ಸಹಿ. ಅಳುತ್ತಾ ‘ನಾನೇನೂ ಮಾಡಿಲ್ಲ’ ಎಂದರೆ ಅನುಮಾನ ಹೆಚ್ಚುತ್ತದೆ. ಸಣ್ಣ ತಪ್ಪನ್ನು ಪೂರ್ತಿ ಒಪ್ಪಿಕೊಂಡಾಗ ಮಾತ್ರ ದೊಡ್ಡ ಅಪವಾದಕ್ಕೆ ಜಾಗ ಉಳಿಯುವುದಿಲ್ಲ. ಎರಡು ಸಲ ನನ್ನೆದುರು ಹೇಳಿ ರೂಢಿ ಮಾಡಿಕೊಂಡು, ಅಲ್ಲಿಂದಲೇ ಫೋನ್ ಮಾಡಿದಳು. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಹತ್ತಿ ಬಿಡ್ಸಾಕ ನಾನs ಕರದಿದ್ನಲ್ಲವ್ವ. ಇಷ್ಟs ಏನು?” ಎಂದರು. ಸ್ವಲ್ಪ ತಡೆದು, “ಸುಳ್ಳು ಬರೀಬಾರದಿತ್ತು. ಹೋಗಿ ಹೇಳು ಅವ್ರಿಗೆ,” ಎಂದರು. ದೊಡ್ಡಪ್ಪ ಬರಲಿಲ್ಲ.

ಎರಡನೆಯದು ಪತ್ರ, ಒಂದೇ ಪುಟದ್ದು. ಮೊದಲ ಪ್ಯಾರಾದಲ್ಲಿ ತಪ್ಪೊಪ್ಪಿಗೆ: ಇಂಥ ಎರಡು ತಾರೀಖಿನ 6 ಗಂಟೆ ನಾನು ಮಾಡಿಲ್ಲ, ಮಾಡಿದ್ದೇನೆಂದು ದಾಖಲೆ ಕೊಟ್ಟಿದ್ದೇನೆ. ಎರಡನೆಯದರಲ್ಲಿ, ಇದರ ಹೊರತು ನನ್ನ ಮೇಲೆ ಬೇರೆ ಆರೋಪ ಇದ್ದರೆ ಬರವಣಿಗೆಯಲ್ಲಿ ತಿಳಿಸಬೇಕು. ಮೂರನೆಯದರಲ್ಲಿ ಎರಡು ಕೋರಿಕೆ: ನಿಯಮದಲ್ಲಿರುವ ಸಮಿತಿಯ ಮುಂದೆ ಮಾತಾಡಲು ಒಂದು ದಿನ, ಮತ್ತು ಗುಂಪಿನಲ್ಲಿ ಹಾಕಿದ ಸಂದೇಶ ತೆಗೆದು, ಆದ ತಪ್ಪನ್ನಷ್ಟೇ ಹೆಸರಿಸುವ ತಿದ್ದುಪಡಿ. ಸದಸ್ಯತ್ವ ವಾಪಸು ಕೊಡಿ ಎಂದು ಬರೆಯಿಸಲಿಲ್ಲ. ಅದನ್ನು ಕೇಳಿದ್ದರೆ ಪತ್ರ ಬ್ಯಾಡ್ಜಿನ ಬಗ್ಗೆ ಆಗುತ್ತಿತ್ತು, ಪದದ ವಿಷಯ ಹಿಂದೆ ಸರಿಯುತ್ತಿತ್ತು. ಎರಡು ಪ್ರತಿ ಮಾಡಿಸಿ, ಒಂದನ್ನು ಆಫೀಸಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಇನ್‌ವರ್ಡ್ ನಂಬರು, ತಾರೀಖು ಹಾಕಿಸಿಕೊಳ್ಳಲು ಹೇಳಿದೆ. ಕೈಗೆ ಕೈ ಕೊಟ್ಟ ಪತ್ರ ಕಳೆದುಹೋಗುತ್ತದೆ, ಮೊಬೈಲಿನಲ್ಲಿ ಕಳಿಸಿದ್ದಕ್ಕೆ ಉತ್ತರ ಬರುವುದಿಲ್ಲ.

ಅವಳ ಇನ್ನೊಂದು ಭಯ ಟಿಸಿಯ ಬಗ್ಗೆ. ನಡತೆಯ ಕಾಲಮ್ಮಿನಲ್ಲಿ ಕೆಟ್ಟದಾಗಿ ಬರೆದರೆ ಕೆಲಸ ಸಿಗುವುದಿಲ್ಲ ಎಂದು ರಾತ್ರಿಯಿಡೀ ಕೊರಗುತ್ತಿದ್ದಳು. ಆ ಕಾಲೇಜಿನಲ್ಲಿ ಸಂಘದ ದಾಖಲೆಗೂ ಟಿಸಿಗೂ ಸಂಬಂಧವಿಲ್ಲ ಎಂಬುದನ್ನು ಪ್ರಾಂಶುಪಾಲರಿಂದಲೇ ಕೇಳಿ ತಿಳಿದುಕೊಳ್ಳಲು ಹೇಳಿದೆ. ನಾನು ಹೇಳಿದರೆ ಸಮಾಧಾನದ ಮಾತಾಗುತ್ತಿತ್ತು, ಅವರು ಹೇಳಿದಾಗ ಖಾತ್ರಿಯಾಯಿತು.

ಸುಳ್ಳು ಲೆಕ್ಕ ಬರೆದವಳಿಗೆ ನಿಯಮದ ಸಂದು ತೋರಿಸಿಕೊಟ್ಟಿರಿ ಎಂದು ಕಾಲೇಜಿನ ಕೆಲವು ಅಧ್ಯಾಪಕರು ಆಕ್ಷೇಪಿಸಿದರು. ಆಪ್ತಸಲಹೆಗಾರರ ಕೆಲಸ ಮನಸ್ಸಿನದು, ಸಂಘದ ಕಾನೂನಿನದಲ್ಲ ಎಂದೂ ಹೇಳಿದರು. ಮೊದಲನೆಯದಕ್ಕೆ ಉತ್ತರ ಪತ್ರದ ಮೊದಲ ಸಾಲಿನಲ್ಲೇ ಇದೆ. ಎರಡನೆಯದನ್ನು ನಾನು ಒಪ್ಪುವುದಿಲ್ಲ. ಒಂದು ಪದದಿಂದ ಹುಡುಗಿಯ ಓದು ನಿಲ್ಲುವ ಹಂತಕ್ಕೆ ಬಂದಿದ್ದಾಗ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದ್ದರೆ ನಾನು ಕೆಲಸ ಮಾಡಿದ ಹಾಗೆ ಆಗುತ್ತಿರಲಿಲ್ಲ. ಆಕೆಯ ಸಂಕಟದ ಬೇರು ಒಳಗೆ ಎಷ್ಟಿತ್ತೋ, ನೋಟಿಸಿನಲ್ಲೂ ಅಷ್ಟೇ ಇತ್ತು.

ಹನ್ನೊಂದು ದಿನದ ನಂತರ ಸಮಿತಿ ಕೂಡಿತು. ನಿಯಮಾವಳಿಯ ಪ್ರತಿ, ತಾನು ನಿಜವಾಗಿ ಹೋದ ಮೂರು ದಿನ ಏನು ಪಾಠ ಮಾಡಿದೆನೆಂದು ಬರೆದಿಟ್ಟಿದ್ದ ನೋಟ್‌ಬುಕ್ ಎರಡನ್ನೂ ಹಿಡಿದು ಹೋದಳು. ಸಹಿ ಹಾಕಿದ ಗೆಳತಿ ಯಾರೆಂದು ಕೇಳಿದರು. ‘ಕೇಳಿದವಳು ನಾನು’ ಎಂದಷ್ಟೇ ಹೇಳಿ ನಿಲ್ಲಿಸಿದಳು. ಹಾಗೆ ಹೇಳಬೇಕೆಂದು ನಾನು ಕಲಿಸಿರಲಿಲ್ಲ, ಅದು ಸರಿಯೋ ಅಲ್ಲವೋ ಎಂದು ಇವತ್ತಿಗೂ ಖಚಿತವಾಗಿ ಹೇಳಲಾರೆ. ಸದಸ್ಯತ್ವ ರದ್ದಾದದ್ದು ರದ್ದೇ ಆಯಿತು. ಆದರೆ ಹಳೆಯ ಸಂದೇಶ ತೆಗೆದು, ‘ಸೇವಾ ಗಂಟೆಗಳ ದಾಖಲೆಯಲ್ಲಿ 6 ಗಂಟೆ ತಪ್ಪು ನಮೂದಾದ ಕಾರಣ’ ಎಂದು ತಿದ್ದಿ ಹಾಕಿದರು. ಆ ಸಾಲನ್ನು ಅವಳೇ ದೊಡ್ಡಪ್ಪನ ಮಗನಿಗೆ ಕಳಿಸಿದಳು.

ಇಂಥ ಸಂಘ ನಡೆಸುವ ಅಧ್ಯಾಪಕರಿಗೆ ಕೆಲವು ಮಾತು ಹೇಳಲೇಬೇಕು. ‘ಚಾರಿತ್ರ್ಯ’, ‘ನಡತೆ’, ‘ಶೀಲ’ ಎಂಬ ಪದಗಳನ್ನು ನಿಯಮದಿಂದ ತೆಗೆದುಬಿಡಿ. ಅವುಗಳ ಜಾಗದಲ್ಲಿ ಕೃತ್ಯಗಳನ್ನು ಬರೆಯಿರಿ: ಪರೀಕ್ಷೆಯಲ್ಲಿ ನಕಲು, ಸುಳ್ಳು ದಾಖಲೆ, ಬೇರೆಯವರ ಅಸೈನ್‌ಮೆಂಟು ತನ್ನದೆಂದು ಕೊಡುವುದು, ರ‍್ಯಾಗಿಂಗ್, ಸಂಘದ ಹಣದ ದುರ್ಬಳಕೆ. ಈ ಪಟ್ಟಿಯಲ್ಲಿ ಹಿಡಿಯದ ಕಾರಣಕ್ಕೆ ಯಾರನ್ನೂ ತೆಗೆಯಬೇಡಿ. ಯಾರ ಹೆಸರನ್ನೂ ಗುಂಪಿನಲ್ಲಿ ಹಾಕಬೇಡಿ. ನೋಟಿಸು ಮುಚ್ಚಿದ ಲಕೋಟೆಯಲ್ಲಿ ಆ ಒಬ್ಬರ ಕೈಗೆ ಹೋಗಲಿ, ಉತ್ತರಕ್ಕೆ ಕನಿಷ್ಠ ಏಳು ದಿನ ಇರಲಿ.

ಸೇವಾ ಗಂಟೆಯ ಹಾಳೆಗೆ ಸದಸ್ಯರೇ ಒಬ್ಬರಿಗೊಬ್ಬರು ಸಹಿ ಹಾಕುವ ಪದ್ಧತಿ ಇದ್ದಲ್ಲೆಲ್ಲ ಸುಳ್ಳು ಸಹಿ ಬೀಳುತ್ತದೆ, ಇದರಲ್ಲಿ ಆಶ್ಚರ್ಯವೇನಿಲ್ಲ. ಶಾಲೆಯಲ್ಲಿ ಕೆಲಸವಾದರೆ ಮುಖ್ಯಶಿಕ್ಷಕರೋ ಆ ದಿನ ಇದ್ದ ಶಿಕ್ಷಕರೋ ಅದೇ ದಿನ ಸಹಿ ಹಾಕಲಿ. ಸೇವೆಯ ದಿನಗಳನ್ನು ಗೊತ್ತು ಮಾಡುವಾಗ ನಮ್ಮ ಸೀಮೆಯ ಸುಗ್ಗಿಯನ್ನು ನೋಡಿ. ಅಕ್ಟೋಬರಿನಿಂದ ಜನವರಿವರೆಗೆ ಹತ್ತಿ ಬಿಡಿಸುವ ಕಾಲ, ಕಾಲುವೆ ಕೆಳಗಿನ ಹಳ್ಳಿಗಳಲ್ಲಿ ಭತ್ತದ ನಾಟಿ, ಕೊಯ್ಲು. ಆ ದಿನಗಳಲ್ಲಿ ಊರಿಗೆ ಹೋಗಲೇಬೇಕಾದ ಮಕ್ಕಳಿರುತ್ತಾರೆ. ಉಳಿದ ಗಂಟೆಯನ್ನು ರಜೆಯಲ್ಲಿ ತಮ್ಮೂರಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ ತುಂಬಿಕೊಡಲು ಅವಕಾಶ ಇದ್ದಿದ್ದರೆ ಈ ಹುಡುಗಿಗೆ ಸಹಿ ಕೇಳುವ ಪ್ರಮೇಯ ಬರುತ್ತಿರಲಿಲ್ಲ.

ಅಂಕದ ವಿಷಯದಲ್ಲಿ ಗೊಂದಲ ಕಮ್ಮಿ, ಆದರೂ ಒಂದು ಮಾತು. ಅಮೆರಿಕದ ನ್ಯಾಷನಲ್ ಆನರ್ ಸೊಸೈಟಿ 4ಕ್ಕೆ ಕನಿಷ್ಠ 3.0 ಎನ್ನುತ್ತದೆ. ಅದನ್ನು ಗುಣಿಸಿ 10ಕ್ಕೆ 7.5 ಎಂದು ಬರೆದುಕೊಂಡರೆ ಆಗದು, ಎರಡೂ ಕಡೆ ಅಂಕ ಬೀಳುವ ಬಗೆ ಬೇರೆ. 1885ರಲ್ಲಿ ಶುರುವಾದ ಅಲ್ಲಿನ ಎಂಜಿನಿಯರಿಂಗ್ ಸಂಘ ಟೌ ಬೀಟಾ ಪೈ ಮೂರನೇ ವರ್ಷದಲ್ಲಿ ತರಗತಿಯ ಮೇಲಿನ ಎಂಟನೇ ಒಂದು ಭಾಗ, ಕೊನೆಯ ವರ್ಷದಲ್ಲಿ ಐದನೇ ಒಂದು ಭಾಗ ಎಂದು ಲೆಕ್ಕ ಹಿಡಿಯುತ್ತದೆ. ಪ್ರಶ್ನೆಪತ್ರಿಕೆ ಕಷ್ಟವಾದ ವರ್ಷದಲ್ಲೂ ಈ ಲೆಕ್ಕ ನಿಲ್ಲುತ್ತದೆ. ಸಿಜಿಪಿಎ ಕುಸಿದ ಸದಸ್ಯರಿಗೆ ಒಂದು ಸೆಮಿಸ್ಟರ್ ಕಾಲಾವಕಾಶ ಕೊಡಿ, ಮರುಮೌಲ್ಯಮಾಪನದ ಫಲಿತಾಂಶ ಬರುವವರೆಗೆ ಯಾರ ಹೆಸರನ್ನೂ ಹೊಡೆಯಬೇಡಿ.

ಒಮ್ಮೆ ತೆಗೆದುಹಾಕಿದವರು ಮತ್ತೆಂದೂ ಸದಸ್ಯರಾಗುವಂತಿಲ್ಲ ಎಂಬ ಮೂಲದ ನಿಯಮವನ್ನು ಆ ಕಾಲೇಜು ಹಾಗೇ ಉಳಿಸಿಕೊಂಡಿದೆ. ಹತ್ತೊಂಬತ್ತು ವರ್ಷದವರ ಒಂದು ತಪ್ಪಿಗೆ ‘ಎಂದೂ’ ಎಂಬುದು ಬಹಳ ದೊಡ್ಡ ಅಳತೆ. ಎರಡು ಸೆಮಿಸ್ಟರ್ ಕಳೆದ ಮೇಲೆ ಮತ್ತೆ ಅರ್ಜಿ ಹಾಕಬಹುದು ಎಂದು ತಿದ್ದಲು ಬರೆದು ಕೊಟ್ಟಿದ್ದೇನೆ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸುವುದಾಗಿ ಪ್ರಾಂಶುಪಾಲರು ಹೇಳಿದ್ದಾರೆ.