ಟೈಮಿಂಗ್ ಬೆಲ್ಟ್ ಬಿಚ್ಚಿದ ದಿನವೇ ವಾಟರ್ ಪಂಪ್ ಬದಲಿಸಿ

ನಿಮ್ಮ ಡಸ್ಟರ್ ಡೀಸೆಲ್‌ಗೆ ಹೊಸ ಟೈಮಿಂಗ್ ಬೆಲ್ಟ್ ಮಾತ್ರ ಹಾಕಿಸಿ, ಸೋರಿಕೆಯೇನೂ ಇಲ್ಲವೆಂದು ಹಳೆಯ ವಾಟರ್ ಪಂಪನ್ನು ಉಳಿಸಿಕೊಳ್ಳುವುದಾಗಿ ಬರೆದಿದ್ದೀರಿ. ಟೈಮಿಂಗ್ ಬೆಲ್ಟ್ ಎಂದರೆ ವಾಲ್ವ್ ಮತ್ತು ಪಿಸ್ಟನ್‌ಗಳ ಚಲನೆಯನ್ನು ಹೊಂದಿಸುವ ಬೆಲ್ಟ್; ಎಂಜಿನ್ ತಣ್ಣಗಿಡುವ ದ್ರವವಾದ ಕೂಲಂಟನ್ನು ಹರಿಸುವ ವಾಟರ್ ಪಂಪನ್ನೂ ನಿಮ್ಮ ಗಾಡಿಯಲ್ಲಿ ಇದೇ ತಿರುಗಿಸುತ್ತದೆ. ಅದೇ 1.5 ಲೀಟರ್ ಕೆ9ಕೆ ಡೀಸೆಲ್ ಎಂಜಿನ್‌ನ ನನ್ನ ಗಾಡಿಯಲ್ಲಿ ನಾನೂ ಹೀಗೆಯೇ ಮಾಡಿದ್ದೆ. ದಯವಿಟ್ಟು ನೀವು ಮಾಡಬೇಡಿ.

ಅಂದು ಬೆಲ್ಟ್, ಅದನ್ನು ಬಿಗಿಹಿಡಿಯುವ ಟೆನ್ಷನರ್, ದಾರಿ ತೋರುವ ಐಡ್ಲರ್ ಎಲ್ಲವನ್ನೂ ಹೊಸದು ಹಾಕಿಸಿ, ಪಂಪನ್ನು ಮಾತ್ರ ನಾನೇ ಕೈಯಲ್ಲಿ ತಿರುಗಿಸಿ ನೋಡಿದೆ. ಬೆಲ್ಟ್ ಕೂರುವ ಅದರ ಪುಲ್ಲಿಯಲ್ಲಿ ಅಲುಗಾಟವಿರಲಿಲ್ಲ, ಸದ್ದೂ ಇರಲಿಲ್ಲ. ಆ ಧೈರ್ಯದ ಮೇಲೆ ಮೂರು ಸಾವಿರ ರೂಪಾಯಿ ಉಳಿಸಿದೆ. ಆದರೆ ಕೈಯಲ್ಲಿ ತಿರುಗಿಸಿದಾಗ ತಿಳಿಯುವುದು ಬೇರಿಂಗ್‌ನ ಸ್ಥಿತಿ ಮಾತ್ರ. ಬೇರಿಂಗ್‌ಗೂ ಕೂಲಂಟ್‌ಗೂ ನಡುವಿನ ಸೀಲ್ ಬಿಸಿ ಮತ್ತು ಒತ್ತಡದಲ್ಲಿ ತಡೆಯುತ್ತದೆಯೇ ಎಂಬುದು ಹಾಗೆ ತಿಳಿಯುವುದಿಲ್ಲ. ಹದಿನಾಲ್ಕು ತಿಂಗಳ ನಂತರ ಮಂಗಳೂರಿನಿಂದ ಮನೆಮಂದಿಯೊಂದಿಗೆ ಶಿರಾಡಿ ಘಾಟಿ ಹತ್ತುವಾಗ, ಮಾರನಹಳ್ಳಿಯ ಬಳಿ ಟೆಂಪರೇಚರ್ ಏರಿತು. ನಿಲ್ಲಿಸಿ ನೋಡಿದರೆ ಬೆಲ್ಟ್ ಇರುವ ಬದಿಯಿಂದ ಕೂಲಂಟ್ ಧಾರೆಯಾಗಿ ಇಳಿಯುತ್ತಿತ್ತು. ಕೂಡಲೇ ಎಂಜಿನ್ ಆಫ್ ಮಾಡಿದ್ದರಿಂದ ಅದರ ಮೇಲ್ಭಾಗವಾದ ಹೆಡ್ ಹಾಳಾಗದೆ ಉಳಿಯಿತು. ಆದರೆ ಕೂಲಂಟ್‌ನಲ್ಲಿ ನೆಂದ ಬೆಲ್ಟನ್ನು ನಂಬುವಂತಿಲ್ಲ. ಅದು ಹಲ್ಲು ಜಾರಿದರೆ ಈ ಎಂಜಿನ್‌ನಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಹಾಗಾಗಿ ಹೊಸದರಂತಿದ್ದ ಬೆಲ್ಟನ್ನೇ ಎಸೆದು, ಎಂಜಿನ್ ಮೌಂಟ್ ಬಿಚ್ಚಿ ಟೈಮಿಂಗ್ ಹೊಂದಿಸುವ ಅದೇ ಕೂಲಿಯನ್ನು ಎರಡನೆಯ ಸಲ ತೆತ್ತೆ. ಟೋಯಿಂಗ್ ಖರ್ಚು ಬೇರೆ.

ಈ ಮಾತು ಟೈಮಿಂಗ್ ಬೆಲ್ಟ್‌ನಿಂದಲೇ ಪಂಪ್ ತಿರುಗುವ ಎಂಜಿನ್‌ಗಳಿಗೆ ಸಲ್ಲುತ್ತದೆ. ಟೆರಾನೊ, ಸನ್ನಿ ಡೀಸೆಲ್, ವೆರಿಟೊ ಡೀಸೆಲ್ ಇರುವವರಿಗೂ ಇದೇ ಲೆಕ್ಕ, ಏಕೆಂದರೆ ಎಂಜಿನ್ ಅದೇ. ಸ್ವಿಫ್ಟ್‌ನ 1.3 ಡೀಸೆಲ್‌ನಲ್ಲಿ ಟೈಮಿಂಗ್ ಚೈನ್ ಇದ್ದು, ಪಂಪ್ ಹೊರಗಿನ ಬೆಲ್ಟ್‌ನಿಂದ ಓಡುವುದರಿಂದ ಅಲ್ಲಿ ಲಕ್ಷಣ ಕಾಣುವವರೆಗೆ ಕಾಯಬಹುದು. ಕಿಲೋಮೀಟರ್ ಕಡಿಮೆ ಓಡಿದೆಯೆಂಬ ಸಮಾಧಾನವೂ ಬೇಡ. ಬೆಲ್ಟ್‌ಗೆ ಕಿಲೋಮೀಟರ್ ಜೊತೆಗೆ ಇಷ್ಟು ವರ್ಷ ಎಂಬ ಮಿತಿಯೂ ಇರುತ್ತದೆ, ಎರಡರಲ್ಲಿ ಮೊದಲು ಬಂದುದನ್ನೇ ಹಿಡಿಯಬೇಕು.

ಬೆಲ್ಟ್‌ನ ಅವಧಿ ಇನ್ನೂ ಇರುವಾಗಲೇ ಕೂಲಂಟ್ ಇಳಿಯುತ್ತಿದ್ದರೆ ತಕ್ಷಣ ಪಂಪಿನ ಮೇಲೆ ತಪ್ಪು ಹೊರಿಸಬೇಡಿ. ಮೊದಲು ಒತ್ತಡ ಕೊಟ್ಟು ಸೋರಿಕೆ ಹುಡುಕುವ ಪ್ರೆಷರ್ ಟೆಸ್ಟ್ ಮಾಡಿಸಿ ಹೋಸ್, ರೇಡಿಯೇಟರ್, ಹೆಡ್ ಗ್ಯಾಸ್ಕೆಟ್‌ಗಳನ್ನು ಪರೀಕ್ಷಿಸಿ. ಬೆಲ್ಟ್ ಕವರ್‌ನ ಕೆಳಗೆ ಒಣಗಿದ ಕೂಲಂಟ್‌ನ ಕಲೆ ಅಥವಾ ಪುಡಿ ಕಂಡರೆ, ಅಥವಾ ಎಂಜಿನ್ ವೇಗದೊಂದಿಗೆ ಏರಿಳಿಯುವ ಗೊರಗೊರ ಸದ್ದು ಆ ಬದಿಯಿಂದ ಬಂದರೆ ಮಾತ್ರ ಪಂಪನ್ನು ಶಂಕಿಸಿ. ಶಂಕೆ ನಿಜವಾದರೆ ಊರು ತಲುಪಿದ ಮೇಲೆ ನೋಡೋಣವೆಂದು ಓಡಿಸಬೇಡಿ. ಸೋರಿಕೆ ನಿಲ್ಲಿಸುವ ದ್ರಾವಣವನ್ನಂತೂ ಸುರಿಯಲೇಬೇಡಿ. ಅದು ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರ್‌ನ ಸಣ್ಣ ಕೊಳವೆಗಳನ್ನು ಮುಚ್ಚಿಬಿಡಬಲ್ಲದು.

ಗೇಟ್ಸ್, ಎಸ್‌ಕೆಎಫ್, ಐಎನ್‌ಎ ಈ ಮೂರು ಕಂಪನಿಗಳ ಪಂಪ್ ಸಹಿತ ಬೆಲ್ಟ್ ಕಿಟ್‌ಗಳಲ್ಲಿ ಯಾವುದಾದರೂ ಆದೀತು; ಪರಿಚಿತ ಡೀಲರ್‌ನಿಂದಲೇ ಕೊಳ್ಳಿ, ಏಕೆಂದರೆ ಡಬ್ಬಿ ಅಸಲಿಯಾಗಿದ್ದೂ ಒಳಗಿನದು ನಕಲಿಯಾಗಿರಬಹುದು. ಗ್ಯಾಸ್ಕೆಟ್ ಜೊತೆಗೆ ಬರುವ ಪಂಪಿಗೆ ಸೀಲಂಟ್ ಮೆತ್ತಲು ಬಿಡಬೇಡಿ. ಬೋರ್‌ವೆಲ್ ನೀರನ್ನು ಕೂಲಂಟ್‌ಗೆ ಬೆರೆಸುವ ಅಭ್ಯಾಸವನ್ನು ನಮ್ಮವರು ಬಿಡಲೇಬೇಕು. ಗಡಸು ನೀರಿನ ಸುಣ್ಣವೇ ಸೀಲನ್ನು ಸವೆಸುತ್ತದೆ. ಕಂಪನಿ ಹೇಳಿದ ದರ್ಜೆಯ ಕೂಲಂಟನ್ನು ಡಿಸ್ಟಿಲ್ಡ್ ವಾಟರ್‌ನೊಂದಿಗೆ ಸಮಭಾಗವಾಗಿ ಬೆರೆಸಿ, ಹೀಟರನ್ನು ಪೂರ್ಣ ಬಿಸಿಗೆ ಇಟ್ಟು ಕೂಲಂಟ್ ಕೊಳವೆಗಳಲ್ಲಿ ಸಿಕ್ಕಿದ ಗಾಳಿ ತೆಗೆಸಿ. ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಟ್ಯಾಂಕಿನ ಮೇಲೆ ಕೂಲಂಟ್ ಇರುವ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆದು, ಮೊದಲ 500 ಕಿ.ಮೀ. ಮುಗಿಯುವವರೆಗೆ ಪ್ರತಿದಿನ ಆ ಗೆರೆಯನ್ನು ನೋಡಿ.